ಚಿಗರಿಯನ್ನು ಯಾರೂ ಮಾರಬಾರದು

ನಾನು ಚಿಕ್ಕವನಿದ್ದಾಗ ನಮ್ಮ ಮನೆಯಲ್ಲಿ ಆಡಿದ ಮಾತಿಗೆ ತುಂಬ ಬೆಲೆ ಇತ್ತು ಎಂದು ಶುರುಮಾಡಬಹುದು. ತಾತಂದಿರು ಹೀಗೇ ಶುರುಮಾಡುತ್ತಾರೆ. ಆದರೆ ನಾನು ಹೇಳಹೊರಟಿರುವ ದಿನ ಆ ಮಾತೇ ನನ್ನ ಕೈಬಿಟ್ಟಿತು. ಅಥವಾ ಮಾತನ್ನು ಮುಂದಿಟ್ಟುಕೊಂಡು ಮನೆಯವರೇ ಕೈಬಿಟ್ಟರು. ಎರಡರಲ್ಲಿ ಯಾವುದು ಎಂದು ನನಗೆ ಇನ್ನೂ ತೀರ್ಮಾನವಾಗಿಲ್ಲ. ಹಾಗಾಗಿ ಅನುಮಾನವೇ ಇಲ್ಲದ ಒಂದು ಸಂಗತಿಯಿಂದ ಶುರುಮಾಡುತ್ತೇನೆ. ನಾನು ಚಿಕ್ಕವನಿದ್ದಾಗ ನನ್ನ ಕೈ ಕಹಿಯಾಗಿರುತ್ತಿತ್ತು.

ಅದು ಹೊಗೆಸೊಪ್ಪಿನ ಕಹಿ. ಹುಣಸೂರಿನಿಂದ ಪಿರಿಯಾಪಟ್ಟಣದ ಕಡೆ ಹೋಗುವಾಗ ರಸ್ತೆಯ ಪಕ್ಕದಲ್ಲಿ ಅಗಲ ಎಲೆಯ ಹೊಲಗಳು ಕಾಣುತ್ತವಲ್ಲ, ಅಂಥದೊಂದು ನಮ್ಮದು. ಎಲೆ ಮುರಿದ ಕೈಗೆ ಜಿಗುಟಾದ ಅಂಟು ಹತ್ತಿ, ಒಣಗಿ, ಕಪ್ಪಾಗುತ್ತಿತ್ತು. ಎಷ್ಟು ಉಜ್ಜಿ ತೊಳೆದರೂ ಮುದ್ದೆ ಮುರಿದಾಗ ಮೊದಲ ತುತ್ತು ಕಹಿ, ಎರಡನೆಯದೂ ಕಹಿ. ಮೂರನೆಯ ತುತ್ತಿಗೆ ನಾಲಗೆ ಸುಮ್ಮನಾಗುತ್ತಿತ್ತು.

ಮುರಿದ ಎಲೆಗಳನ್ನು ಬ್ಯಾರನ್ ಮುಂದಿನ ಚಪ್ಪರದ ಕೆಳಗೆ ರಾಶಿ ಹಾಕುತ್ತಿದ್ದೆವು. ಬ್ಯಾರನ್ ಎಂದರೆ ಎಲೆ ಬೇಯಿಸುವ ಮನೆ. ಎತ್ತರದ ಮಣ್ಣಿನ ಗೋಡೆ, ಹೊರಗಡೆ ಒಲೆ, ಒಳಗೆ ಬಿಸಿ ಹರಿಯುವ ತಗಡಿನ ಕೊಳವೆಗಳು. ಎಲೆಗಳನ್ನು ಉದ್ದನೆಯ ಕೋಲುಗಳಿಗೆ ದಾರದಿಂದ ಕಟ್ಟಿ, ಕೋಲುಗಳನ್ನು ಒಳಗೆ ಸಾಲುಸಾಲಾಗಿ ಮೇಲಿನವರೆಗೂ ನೇತುಹಾಕಬೇಕು. ಮುರಿದ ಎಲೆ ಕಾಯುವುದಿಲ್ಲ, ಬಾಡಿಬಿಡುತ್ತದೆ. ಅದಕ್ಕೇ ಬ್ಯಾರನ್ ತುಂಬುವ ದಿನ ಮನೆಯವರೆಲ್ಲ ಬೆಳಿಗ್ಗೆಯಿಂದ ಚಪ್ಪರದಡಿ ಕೂತು ಎಲೆ ಕಟ್ಟುತ್ತಿದ್ದೆವು. ಆ ದಿನ ನನಗೆ ಶಾಲೆಗೆ ರಜೆ. ರಜೆ ಕೊಡುತ್ತಿದ್ದದ್ದು ಶಾಲೆಯಲ್ಲ, ಅಪ್ಪ.

ಕೈಗೆ ಬಿಡುವಿಲ್ಲ, ಬಾಯಿಗೆ ಕೆಲಸವಿಲ್ಲ. ಹಾಗೆ ಕೂತಾಗ ನಾವು ಕಟ್ಟು ಆಟ ಆಡುತ್ತಿದ್ದೆವು.

ಕಟ್ಟು ಎಂದರೆ ಮಾಡಬಾರದ್ದನ್ನು ಹೇಳುವ ಒಂದು ಮಾತು. ಮೊದಲ ಕಟ್ಟನ್ನು ಎಲ್ಲರಿಗಿಂತ ಚಿಕ್ಕವರು ಹಾಕಬೇಕು. ಯಾರು ಅದನ್ನು ಮುರಿಯುತ್ತಾರೋ ಅವರು ಔಟ್. ಮುರಿದದ್ದನ್ನು ಯಾರು ಹಿಡಿಯುತ್ತಾರೋ ಅವರು ಇನ್ನೊಂದು ಕಟ್ಟು ಹಾಕಬೇಕು. ಹಳೆಯದೂ ಉಳಿಯುತ್ತದೆ, ಹೊಸದೂ ಸೇರುತ್ತದೆ. ಹೀಗೆ ಕಟ್ಟುಗಳು ಬೆಳೆದಂತೆ ಆಡುವವರು ಕಡಿಮೆಯಾಗುತ್ತಾರೆ. ಕೊನೆಗೆ ಉಳಿದವರಿಗೆ ಹೊರಗಟ್ಟು ಹಾಕುವ ಹಕ್ಕು. ಹೊರಗಟ್ಟು ಆಟ ಮುಗಿದ ಮೇಲೂ ನಡೆಯುತ್ತದೆ. ಮುಂದಿನ ವರ್ಷ ಮೊದಲ ಎಲೆ ಮುರಿಯುವವರೆಗೆ ಮನೆಯವರೆಲ್ಲ ಅದಕ್ಕೆ ತಲೆಬಾಗಬೇಕು. ಅಪ್ಪನೂ.

ಇದನ್ನು ಕಲಿಸಿದವನೇ ಅಪ್ಪ. ಅವನಿಗೆ ಅವನ ಅಪ್ಪ ಕಲಿಸಿದ್ದನಂತೆ. ಆಟ ಶುರುವಾಗುವ ಮೊದಲು ಪ್ರತಿ ಸಲವೂ ಒಂದೇ ಮಾತು ಹೇಳುತ್ತಿದ್ದ.

“ಮನ್ಸಲ್ಲಿರೋದು ಲೆಕ್ಕಕ್ಕಿಲ್ಲ ಕಣ್ಲಾ. ಬಾಯಲ್ಲಿ ಏನ್ ಬಂತೋ ಅಷ್ಟೇ ಕಟ್ಟು.”

ಹೊರಗಟ್ಟನ್ನು ಅಪ್ಪ ಮುರಿದದ್ದನ್ನು ನಾನು ನೋಡಿಲ್ಲ. ಹಿಂದಿನ ವರ್ಷ ಅವ್ವ ಗೆದ್ದು, ಊಟಕ್ಕೆ ಕೂತವರು ಸಾರು ಸಪ್ಪೆ ಅನ್ನಬಾರದು ಎಂದು ಹೊರಗಟ್ಟು ಹಾಕಿದ್ದಳು. ವರ್ಷವಿಡೀ ಅಪ್ಪ ಸಪ್ಪೆ ಎನ್ನಲಿಲ್ಲ. ಸಪ್ಪೆ ಆದ ದಿನ ಮಾತಿಲ್ಲದೆ ಎದ್ದುಹೋಗಿ, ಉಪ್ಪಿನ ಮರಿಗೆಯನ್ನೇ ತಂದು, ತಟ್ಟೆಯ ಪಕ್ಕದಲ್ಲಿ ಟಪ್ಪೆಂದು ಇಟ್ಟು, ಅವ್ವನ ಮುಖ ನೋಡಿ ಊಟ ಮಾಡುತ್ತಿದ್ದ. ಅವ್ವ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಗುತ್ತಿದ್ದಳು. ನಾವೂ ನಗುತ್ತಿದ್ದೆವು. ಕಟ್ಟನ್ನು ಮುರಿಯದೆ ಅದರ ಪಕ್ಕದಲ್ಲಿ ದಾರಿ ಮಾಡಿಕೊಳ್ಳುವುದು ನಮ್ಮ ಮನೆಯಲ್ಲಿ ಜಾಣತನ ಎನಿಸಿಕೊಂಡಿತ್ತು. ಆ ಜಾಣತನ ಒಂದು ದಿನ ನನ್ನ ಕಡೆಗೇ ತಿರುಗಬಹುದು ಎಂದು ನನಗೆ ಹೊಳೆದಿರಲಿಲ್ಲ.

ಈಗ ಚಿಗರಿಯ ವಿಷಯ. ಚಿಗರಿ ನಮ್ಮ ಆಡು. ಚಿಗರೆಯ ಬಣ್ಣ, ಚಿಗರೆಯದೇ ನೆಗೆತ. ಕಿವಿಯ ಒಳಗಡೆ ಗುಲಾಬಿ ಬಣ್ಣದ ತೆಳು ಚರ್ಮ, ಬಿಸಿಲಿಗೆ ಹಿಡಿದರೆ ನರಗಳು ಕಾಣುತ್ತಿದ್ದವು. ಅವಳು ನಮ್ಮ ಮನೆಗೆ ಬಂದದ್ದು ಪಾಲಿನ ಲೆಕ್ಕದಲ್ಲಿ. ನಮ್ಮ ಕಡೆ ಆಡು ಸಾಕಲು ಆಗದವರು ಅದನ್ನು ಬೇರೆ ಮನೆಯವರಿಗೆ ಪಾಲಿಗೆ ಕೊಡುತ್ತಾರೆ. ಆಡು ಕೊಟ್ಟವರದೇ, ಸಾಕುವುದು ಮಾತ್ರ ಆ ಮನೆಯವರು. ಹುಟ್ಟಿದ ಮರಿಗಳನ್ನು ಎರಡೂ ಮನೆಯವರು ಹಂಚಿಕೊಳ್ಳುತ್ತಾರೆ. ನಮ್ಮ ಮುದಿ ಆಡೊಂದು ಹಾಗೆ ಯಾರದೋ ಮನೆಯಲ್ಲಿತ್ತು. ಅದರ ಮರಿಯಾಗಿ, ನಮ್ಮ ಪಾಲಾಗಿ, ಅಪ್ಪನ ಹೆಗಲ ಮೇಲೆ ಕೂತು ಚಿಗರಿ ಬಂದಳು. ಇಷ್ಟೆಲ್ಲ ನನಗೆ ಗೊತ್ತಿತ್ತು. ಗೊತ್ತಿದ್ದೂ ಆ ದಿನ ನೆನಪಾಗಲಿಲ್ಲ.

ಹೆಸರಿಟ್ಟವನು ನಾನು. ಅಂಗೈಗೆ ಉಪ್ಪು ಹಾಕಿ ನೆಕ್ಕಿಸುತ್ತಿದ್ದವನು ನಾನು. ಆದರೆ ಶಾಲೆಯ ದಿನ ಮೇಯಿಸಿಕೊಂಡು ಬರುತ್ತಿದ್ದವಳು ಅಕ್ಕ. ಅಕ್ಕ ಊರ ಶಾಲೆಯ ಏಳನೇ ತರಗತಿ ಮುಗಿಸಿ ಮನೆಯಲ್ಲಿದ್ದಳು. ಎಂಟನೆಯದಕ್ಕೆ ಹುಣಸೂರಿಗೆ ಬಸ್ಸಿನಲ್ಲಿ ಹೋಗಬೇಕಿತ್ತು. “ಆಡು ನೋಡ್ಕಳೋರು ಯಾರವ್ವ?” ಎಂದು ಅಪ್ಪ ಕೇಳಿದ್ದ. ಆ ಮಾತು ಅಲ್ಲಿಗೇ ನಿಂತಿತ್ತು.

ಆ ದಿನ ಎಂದು ನಾನು ಹೇಳುತ್ತಿರುವ ದಿನಕ್ಕೆ ಸ್ವಲ್ಪ ಮುಂಚೆ, ಅವ್ವ ಒಲೆಯ ಮುಂದೆ ಕೂತು “ಆ ಆಡಿಗೊಂದು ದಾರಿ ಮಾಡ್ಬುಡಿ” ಎಂದದ್ದು ನನ್ನ ಕಿವಿಗೆ ಬಿತ್ತು. ಅಪ್ಪ ಹೂಂ ಎಂದ. ಆಡು ಮನೆ ಬಿಡುವ ದಾರಿ ಎಂದರೆ ನನಗೆ ಗೊತ್ತಿದ್ದದ್ದು ಎರಡೇ. ಒಂದು ಸಂತೆ, ಇನ್ನೊಂದು ಕತ್ತಿ. ಎರಡನ್ನೂ ನಾನು ನೋಡಿದ್ದೆ. ಅಂದಿನಿಂದ ನನಗೆ ಒಂದೇ ಯೋಚನೆ. ಈ ಸಲ ಬ್ಯಾರನ್ ತುಂಬುವಾಗ ಆಟ ಗೆಲ್ಲಬೇಕು. ಗೆದ್ದರೆ ಚಿಗರಿ ಒಂದು ವರ್ಷ ಉಳಿಯುತ್ತಾಳೆ. ಒಂದು ವರ್ಷ ಎಂದರೆ ನನಗೆ ಆಗ ಯಾವಾಗಲೂ ಎಂದೇ ಅರ್ಥ.

ಆ ಬೆಳಿಗ್ಗೆ ಸೋನೆ ಹಿಡಿದಿತ್ತು ಎಂದು ಬರೆದಿದ್ದೆ, ಹೊಡೆದುಹಾಕಿದೆ. ಬೇಸರದ ಕಥೆಗೆ ಮಳೆ ತಾನಾಗಿ ಬಂದು ಸೇರಿಕೊಳ್ಳುತ್ತದೆ. ನನಗೆ ನೆನಪಿರುವುದು ಚಪ್ಪರದ ಸಂದಿಯಿಂದ ಎಲೆಯ ರಾಶಿಯ ಮೇಲೆ ಬಿದ್ದ ಬಿಸಿಲಿನ ಚೂರುಗಳು, ಹಸಿ ಎಲೆಯ ಘಾಟು, ಮತ್ತು ಹಲ್ಲಿನಲ್ಲಿ ದಾರ ಕಡಿದಾಗ ಬರುವ ಸೆಣಬಿನ ರುಚಿ.

ಆಟಕ್ಕೆ ಅಪ್ಪ, ಅವ್ವ, ಅಕ್ಕ, ನಾನು ಮತ್ತು ದೊಡ್ಡವ್ವ. ದೊಡ್ಡವ್ವ ನೆಂಟಳಲ್ಲ. ಕೆರೆಯಾಚೆಯ ಊರಿನವಳು, ಪ್ರತಿ ಸಲ ಎಲೆ ಕಟ್ಟಲು ಬರುತ್ತಿದ್ದಳು. ಅವಳ ಕೈ ಕಟ್ಟುವ ವೇಗಕ್ಕೆ ನಮ್ಮ ಕಣ್ಣು ಓಡುತ್ತಿರಲಿಲ್ಲ.

ಚಿಕ್ಕವನು ನಾನಾದ್ದರಿಂದ ಮೊದಲ ಕಟ್ಟು ಹಾಕಿದೆ. ನಗಬಾರದು ಎಂದರೆ ಯಾರು ನಕ್ಕರು, ಯಾರು ಕೆಮ್ಮಿದರು ಎಂದು ಜಗಳವಾಗುತ್ತದೆ. ಹಾಗಾಗಿ ಯೋಚಿಸಿ, “ಹಲ್ಲು ಕಾಣ್ಬಾರ್ದು” ಎಂದೆ.

ಎಲ್ಲರೂ ತುಟಿ ಬಿಗಿದುಕೊಂಡರು. ದೊಡ್ಡವ್ವ ಮಾತ್ರ ಬಾಯಿ ಪೂರ್ತಿ ತೆರೆದು ಹೋ ಎಂದು ನಕ್ಕಳು.

“ದೊಡ್ಡವ್ವ ಔಟು” ಎಂದೆ.

“ಎಲ್ಲಿ ಕಂಡ್ಲಾ ಹಲ್ಲು? ಇದ್ರೆ ಒಂದೆರಡು ನಂಗೂ ತೋರ್ಸು ಮಗ, ಕಡ್ಲೆ ತಿಂದು ಬೋ ದಿನ ಆಯ್ತು.”

ಅವಳ ಬಾಯಲ್ಲಿ ಹಲ್ಲೇ ಇರಲಿಲ್ಲ. ಅವ್ವ ತಡೆದು ತಡೆದು ಕೊನೆಗೆ ಹಲ್ಲೆಲ್ಲ ಕಾಣುವಂತೆ ನಕ್ಕುಬಿಟ್ಟಳು. ಅಕ್ಕ ತುಟಿ ಬಿಚ್ಚದೆ ಬೆರಳು ತೋರಿಸಿ ಹಿಡಿದಳು. “ನಗ್ಸಿ ನಗ್ಸಿ ಆಚಿಗಾಕ್ಬುಟ್ರಲ್ಲ, ಬುಡಿ, ಎಸ್ರಾದ್ರೂ ಇಡ್ತೀನಿ” ಎಂದು ಅವ್ವ ಅಡಿಗೆ ಮಾಡಲು ಮನೆಯ ಕಡೆ ಹೋದಳು.

ಅಕ್ಕನ ಕಟ್ಟು: “ಎಡಗೈಲಿ ಎಲೆ ಎತ್ಬಾರ್ದು.”

ಎಲೆ ಕಟ್ಟುವವರು ಎಡಗೈಯಲ್ಲಿ ಎಲೆ ಎತ್ತಿ, ಬಲಗೈಯಲ್ಲಿ ದಾರ ಸುತ್ತುತ್ತಾರೆ. ಅಪ್ಪ ಒಂದು ಕ್ಷಣ ಯೋಚಿಸಿ, ಎಡಗೈಯಿಂದ ಎಲೆಗಳನ್ನು ನೆಲದ ಮೇಲೆಯೇ ಎಳೆದು ತೊಡೆಯ ಹತ್ತಿರ ತಂದುಕೊಂಡ. “ಎತ್ಲಿಲ್ಲ, ಎಳ್ದೆ” ಎಂದ, ತುಟಿಯ ಸಂದಿಯಲ್ಲೇ. ಅಕ್ಕ ತಲೆಯಾಡಿಸಿದಳು. ಒಪ್ಪಿಗೆ ಎಂದರ್ಥ. ದೊಡ್ಡವ್ವನ ಕೈಗೆ ಮಾತ್ರ ಅಭ್ಯಾಸ ಬಿಡಲಿಲ್ಲ. ಅದು ತಾನಾಗಿ ಎತ್ತಿತು. ಹಿಡಿದವಳು ಮತ್ತೆ ಅಕ್ಕ. ಅಕ್ಕನ ಕಣ್ಣು ತಪ್ಪಿಸಿ ಯಾರೂ ಏನೂ ಮಾಡಲಾಗುತ್ತಿರಲಿಲ್ಲ. ಅವಳು ಕಟ್ಟು ಹಾಕುವುದರಲ್ಲೂ, ಅದರ ಸಂದಿ ಹುಡುಕುವುದರಲ್ಲೂ ಅಪ್ಪನಿಗಿಂತ ಒಂದು ಹೆಜ್ಜೆ ಮುಂದಿದ್ದಳು.

“ಮನೆಯೋರ್ನ ಯಾರ್ನೂ ಹೆಸರಿಡ್ದು ಕರೀಬಾರ್ದು.” ಇದು ಅವಳ ಎರಡನೆಯ ಕಟ್ಟು.

ಒಂದು ವಿಷಯ ಇಲ್ಲೇ ಹೇಳಿಬಿಡುತ್ತೇನೆ. ಆ ಕಟ್ಟನ್ನು ನಾನು ಇಂದಿಗೂ ಮುರಿದಿಲ್ಲ. ಮನೆಯವರ ಕಥೆ ಹೇಳುವಾಗ ಅಪ್ಪ, ಅಕ್ಕ ಎನ್ನುತ್ತೇನೆಯೇ ಹೊರತು ಹೆಸರು ಹಿಡಿಯುವುದಿಲ್ಲ. ಅದು ಗೌರವದಿಂದ ಅಂದುಕೊಳ್ಳಬೇಡಿ.

ಹೆಸರಿನ ಕಟ್ಟು ಬಿದ್ದ ಮೇಲೆ ಸ್ವಲ್ಪ ಹೊತ್ತು ಯಾರೂ ಬಾಯಿ ಬಿಡಲಿಲ್ಲ. ಅಷ್ಟರಲ್ಲಿ ಚಿಗರಿ ಹಗ್ಗ ಬಿಡಿಸಿಕೊಂಡು ಬಂದು ಬ್ಯಾರನ್ನಿನ ಒಲೆಯ ಬಾಯಿಗೆ ತಲೆ ಹಾಕಿದಳು. ಒಲೆ ಇನ್ನೂ ಹೊತ್ತಿಸಿರಲಿಲ್ಲ. ಆದರೂ ಹೆದರಿ “ಚಿಗರೀ” ಎಂದು ಕೂಗಿಬಿಟ್ಟೆ.

“ಮುರ್ದ” ಎಂದಳು ಅಕ್ಕ.

ನನ್ನ ಕಣ್ಣಲ್ಲಿ ನೀರು ಬಂತು. ಇಷ್ಟು ಬೇಗ ಸೋತರೆ ಚಿಗರಿಯ ಗತಿ? ಆಗ ಅಪ್ಪನ ಮಾತು ನೆನಪಾಯಿತು. ಬಾಯಲ್ಲಿ ಬಂದಷ್ಟೇ ಕಟ್ಟು. ಅಕ್ಕ ಹೇಳಿದ್ದು ಮನೆಯವರನ್ನು ಎಂದು.

“ಚಿಗರಿ ಮನೆಯೋಳಲ್ಲ” ಎಂದೆ.

ಅಪ್ಪನ ಕೈ ನಿಂತಿತು. “ಇನ್ನೊಂದ್ಸಲ ಹೇಳು.”

“ಚಿಗರಿ ಮನೆಯೋಳಲ್ಲ. ಆಡು.”

ಅಪ್ಪ ಅಕ್ಕನನ್ನು ನೋಡಿದ. ಅಕ್ಕ ದಾರ ನೋಡಿದಳು. “ಸರಿ ಕಣಪ್ಪ. ಮನೆಯೋಳಲ್ಲ. ಆಟದಲ್ಲಿದ್ದೀಯ” ಎಂದ ಅಪ್ಪ. ನಾನು ಬೀಗಿದೆ. ಅವಳನ್ನು ಉಳಿಸಿಕೊಳ್ಳಬೇಕು ಎಂದು ಆಡುತ್ತಿದ್ದ ನನ್ನ ಬಾಯಿಂದಲೇ ಅವಳು ಮನೆಯವಳಲ್ಲ ಎಂದು ಹೇಳಿಸಿಕೊಂಡರು. ಅದೂ ಎರಡು ಸಲ.

ಬಿಸಿಲು ನೆತ್ತಿಗೆ ಬರುವ ಹೊತ್ತಿಗೆ ಅಪ್ಪ ನೀರು ಬೇಕೆಂದು ಅಕ್ಕನನ್ನು ಹೆಸರು ಹಿಡಿದು ಕೂಗಿ ಔಟಾದ. ಈ ಸಲ ಹಿಡಿದವನು ನಾನು. ಉಳಿದದ್ದು ಅಕ್ಕ ಮತ್ತು ನಾನು. “ಕೂತ ಜಾಗದಿಂದ ಏಳ್ಬಾರ್ದು” ಎಂದು ಕಟ್ಟು ಹಾಕಿದೆ. ಎಲೆ ಇನ್ನೂ ರಾಶಿ ಬಿದ್ದಿತ್ತು. ನಾವಿಬ್ಬರೂ ಹಲ್ಲು ಕಾಣಿಸದೆ, ಎಡಗೈಯಲ್ಲಿ ಎತ್ತದೆ, ಹೆಸರು ಹಿಡಿಯದೆ, ಏಳದೆ ಕೂತು ಕಟ್ಟಿದೆವು. ನನ್ನ ಕಾಲು ಜೋಮು ಹಿಡಿಯಿತು. ಇರುವೆಯೊಂದು ಹಿಮ್ಮಡಿಯಿಂದ ಮೊಣಕಾಲಿನವರೆಗೆ ಹತ್ತಿತು. ಅಕ್ಕ ಸೋಲುವವಳಲ್ಲ ಎಂದು ಗೊತ್ತಿತ್ತು. ಆದರೂ ಹಲ್ಲು ಕಚ್ಚಿ ಕೂತೆ.

ಅವ್ವ ಊಟಕ್ಕೆ ಕರೆದಳು. ಆಗ ಅಕ್ಕ ಲಂಗಕ್ಕೆ ಹತ್ತಿದ ಎಲೆಯ ಚೂರುಗಳನ್ನು ಕೊಡವಿ, ನಿಧಾನವಾಗಿ ಎದ್ದು ನಿಂತಳು.

“ಸೋತೆ ಬುಡು” ಎಂದಳು.

ನಾನು ಅವಳ ಸೊಂಟ ತಬ್ಬಿಕೊಂಡೆ. ಚಿಗರಿಗೋಸ್ಕರ, ನನಗೋಸ್ಕರ ಸೋತಳು ಎಂದುಕೊಂಡೆ. ಅವಳ ಲಂಗ ಹೊಗೆಸೊಪ್ಪಿನ ವಾಸನೆ ಹೊಡೆಯುತ್ತಿತ್ತು. ನನಗೆ ಅದು ಪ್ರೀತಿಯ ವಾಸನೆಯಂತೆ ಅನಿಸಿತು.

ಊಟಕ್ಕೆ ಕೂರುವ ಮೊದಲು ಹೊರಗಟ್ಟು ಹಾಕಬೇಕು. ಎಲ್ಲರೂ ಸುತ್ತ ನಿಂತರು. ನಾನು ಮನಸ್ಸಿನಲ್ಲೇ ತಿರುಗಿಸಿ ತಿರುಗಿಸಿ ಇಟ್ಟುಕೊಂಡ ಮಾತು “ಚಿಗರಿ ನಮ್ಮ ಮನೇಲೇ ಇರ್ಬೇಕು” ಎಂಬುದು. ಹೇಳುವ ಮೊದಲು ಅಕ್ಕನ ಕಿವಿಯಲ್ಲಿ ಕೇಳಿದೆ, ಸರಿಯಾಗಿದೆಯಾ ಎಂದು. ಮಾತು ಕಟ್ಟುವುದರಲ್ಲಿ ಅವಳಿಗಿಂತ ಗಟ್ಟಿಗರು ಯಾರಿದ್ದರು?

“ಲೋ, ಅಂಗನ್ಬ್ಯಾಡ ಕಣೋ” ಎಂದಳು ಅಕ್ಕ, ನನ್ನ ಕಿವಿಯಲ್ಲೇ. “ಮನೇಲೇ ಇರ್ಬೇಕು ಅಂದ್ರೆ ಮೇಯಕ್ಕೂ ಆಚೆ ಬುಡಂಗಿಲ್ಲ. ಪಾಪ, ಒಳಗೇ ಸತ್ತೋಯ್ತದೆ. ಚಿಗರೀನ ಯಾರೂ ಮಾರ್ಬಾರ್ದು ಅನ್ನು. ಗಟ್ಟಿಯಾಗಿರ್ತದೆ.”

ಎಷ್ಟು ಸರಿಯಾದ ಮಾತು! ನನಗೆ ಹೊಳೆದೇ ಇರಲಿಲ್ಲ. ಅದಕ್ಕೆ ನನ್ನದೂ ಒಂದು ಸೇರಿಸಿ ಗಟ್ಟಿಯಾಗಿ ಹೇಳಿದೆ.

“ಚಿಗರೀನ ಯಾರೂ ಮಾರ್ಬಾರ್ದು, ಯಾರೂ ಕಡೀಬಾರ್ದು.”

ಸಂತೆಯ ಬಾಗಿಲೂ ಮುಚ್ಚಿತು, ಕತ್ತಿಯ ಬಾಗಿಲೂ ಮುಚ್ಚಿತು. ಅಪ್ಪ ನನ್ನ ತಲೆಯ ಮೇಲೆ ಕೈಯಿಟ್ಟು, “ಬಿತ್ತು ಕಟ್ಟು” ಎಂದ.

“ಅಲ್ಲ ಕಣಪ್ಪ, ಆ ಮಗೀಗೆ…” ಎಂದು ದೊಡ್ಡವ್ವ ಏನೋ ಹೇಳಲು ಹೋದಳು. ಅವ್ವ ಅವಳ ಮುಂದೆ ತಟ್ಟೆ ಇಟ್ಟು, “ಮೊದ್ಲು ಉಣ್ಣು ದೊಡ್ಡವ್ವ, ಆರೋಯ್ತದೆ” ಎಂದಳು. ನನಗೆ ಆಗ ಏನೂ ಅನಿಸಲಿಲ್ಲ. ಹುರುಳಿ ಸಾರು, ಬಿಸಿ ಮುದ್ದೆ. ಮೊದಲ ತುತ್ತು ಕೂಡ ಕಹಿಯಾಗಿರಲಿಲ್ಲ. ಹೀಗೆ ನೆನಪಿದೆ. ಅದು ಸುಳ್ಳಿರಬೇಕು. ಕಹಿ ಇದ್ದೇ ಇರುತ್ತದೆ.

ಊಟವಾದ ಮೇಲೆ ಕೋಲುಗಳನ್ನೆಲ್ಲ ಬ್ಯಾರನ್ನಿಗೆ ತುಂಬಿದೆವು. ಅಪ್ಪ ಮೇಲಿನ ಸಾಲಿನಲ್ಲಿ ಕಾಲು ಅಗಲಿಸಿ ನಿಂತು ಕೈಗೆ ಕೈಗೆ ಇಸಿದುಕೊಳ್ಳುತ್ತಿದ್ದ. ಬಾಗಿಲು ಮುಚ್ಚಿ, ಸಂದಿಗೆಲ್ಲ ಮಣ್ಣು ಮೆತ್ತಿ, ಒಲೆ ಹೊತ್ತಿಸಿದ. ಸೌದೆ ಚಟಪಟ ಎನ್ನತೊಡಗಿತು. ಹೊಗೆಯಲ್ಲಿ ಕಣ್ಣುಜ್ಜಿಕೊಂಡು ತಿರುಗಿದಾಗ ದೊಡ್ಡವ್ವ ಹೊರಟು ನಿಂತಿದ್ದಳು. ಒಂದು ಕೈಯಲ್ಲಿ ಅವಳ ಚೀಲ, ಇನ್ನೊಂದರಲ್ಲಿ ಚಿಗರಿಯ ಹಗ್ಗ. ಇನ್ನೂ ಮುಖ ಕಾಣುವಷ್ಟು ಬೆಳಕಿತ್ತು.

“ದೊಡ್ಡವ್ವ, ಅದು ನಮ್ಮ ಆಡು.”

“ಗೊತ್ತು ಕಣ್ ಮಗ” ಎಂದಳು. ಅವಳ ಹಲ್ಲಿಲ್ಲದ ಬಾಯಿ ಅಲ್ಲಾಡಿತು. ಅಪ್ಪನ ಕಡೆ ನೋಡಿದಳು. “ನೀನೇ ಹೇಳಪ್ಪ. ನಂಗಾಗಾಕಿಲ್ಲ.”

ನಾನು ಅಪ್ಪನ ಹತ್ತಿರ ಓಡಿದೆ. “ಅಪ್ಪ, ಕಟ್ಟು ಮುರೀತಾವ್ಳೆ. ಮಾರ್ಬುಟ್ಯಾ?”

“ಮಾರ್ಲಿಲ್ಲ ಮಗ” ಎಂದ ಅಪ್ಪ. ಒಲೆಗೆ ಸೌದೆ ತಳ್ಳುತ್ತಲೇ ಹೇಳಿದ. “ಪಾಲಿಗೆ ಕೊಟ್ಟಿದೀನಿ. ಆಡು ನಮ್ದೇ. ಅಲ್ಲಿರ್ತದೆ, ಅಷ್ಟೇಯ. ಮರಿ ಹಾಕಿದ್ರೆ ನಮ್ಗೊಂದು ಬತ್ತದೆ.”

“ಕಟ್ಟು ಹಾಕಿದ್ನಲ್ಲ!”

“ಹಾಕ್ದೆ. ಎಲ್ಲಿ ಮುರ್ದೆ ತೋರ್ಸು.”

ನಾನು ಹುಡುಕಿದೆ. ಮಕ್ಕಳೇ, ಒಂದು ಸಣ್ಣ ವಾಕ್ಯದ ಒಳಗೆ ನಾನು ಅಷ್ಟು ಹುಡುಕಿದ್ದು ಅದೇ ಮೊದಲು. ಮಾರಬಾರದು ಎಂದಿದ್ದೆ. ಮಾರಿರಲಿಲ್ಲ. ಕಡಿಯಬಾರದು ಎಂದಿದ್ದೆ. ಕಡಿದಿರಲಿಲ್ಲ. ಮಧ್ಯದಲ್ಲಿ ಒಂದು ಆಡು ನಡೆದುಹೋಗುವಷ್ಟು ಜಾಗ ಹಾಗೇ ಉಳಿದಿತ್ತು. ಅಪ್ಪ ಸುಳ್ಳು ಹೇಳಿದ್ದರೆ, ಕಟ್ಟು ಮುರಿದಿದ್ದರೆ, ನಾನು ನೆಲಕ್ಕೆ ಬಿದ್ದು ಅಳಬಹುದಿತ್ತು, ಅವನನ್ನು ಗುದ್ದಬಹುದಿತ್ತು. ಅವನು ಅದಕ್ಕೂ ಜಾಗ ಇಟ್ಟಿರಲಿಲ್ಲ.

“ಯಾವಾಗ ಕೊಟ್ಟೆ?” ಎಂದು ಕೇಳಿದೆ. ಆ ಪ್ರಶ್ನೆ ಹೇಗೆ ಬಾಯಿಗೆ ಬಂತೋ.

ಅಪ್ಪ ಇನ್ನೊಂದು ಸೌದೆ ತಳ್ಳಿದ. ದೊಡ್ಡವ್ವ ಹೇಳಿದಳು, “ನೆನ್ನೆಯೇ ಮಾತಾಗಿತ್ತು ಕಣ್ ಮಗ.”

ನೆನ್ನೆಯೇ. ಎಂದರೆ ನಾನು ಹಲ್ಲು ಬಚ್ಚಿಟ್ಟುಕೊಂಡು ಕೂತಾಗ, ಇರುವೆ ಕಾಲು ಹತ್ತಿದಾಗ, ಅವಳು ಮನೆಯವಳಲ್ಲ ಎಂದು ಎರಡು ಸಲ ಹೇಳಿದಾಗ, ಎಲ್ಲ ಮುಗಿದಿತ್ತು. ಚಪ್ಪರದ ಕೆಳಗೆ ಕೂತ ಎಲ್ಲರಿಗೂ ಗೊತ್ತಿತ್ತು. ಅಪ್ಪನಿಗೆ, ಅವ್ವನಿಗೆ, ದೊಡ್ಡವ್ವನಿಗೆ. ನಾನು ಅಕ್ಕನ ಕಡೆ ತಿರುಗಿದೆ. ಅಕ್ಕ ಒಲೆಯ ಬೆಂಕಿ ನೋಡುತ್ತಿದ್ದಳು. ಅವಳ ಕೆನ್ನೆ ಕೆಂಪಾಗಿತ್ತು, ಬೆಂಕಿಗೋ ಇನ್ಯಾತಕ್ಕೋ. ಮನೆಯಲ್ಲೇ ಇರಬೇಕು ಎಂಬ ನನ್ನ ಮೊದಲ ಮಾತು ನೆನಪಾಯಿತು. ಅದನ್ನು ಹೇಳಿದ್ದರೆ ಪಾಲಿಗೆ ಕೊಡಲು ಆಗುತ್ತಿರಲಿಲ್ಲ. ಅದನ್ನು ನನ್ನ ಬಾಯಿಂದ ತೆಗೆದು ಇನ್ನೊಂದು ಮಾತು ಇಟ್ಟವಳು ಅವಳೇ.

ಚಿಗರಿ ಹೋದಳು. ತಿರುಗಿ ನೋಡಿದಳು, ಅರಚಿದಳು ಎಂದು ಬರೆದರೆ ನಿಮಗೆ ಇಷ್ಟವಾಗುತ್ತದೆ. ಅವಳು ತಿರುಗಿ ನೋಡಲಿಲ್ಲ. ದಾರಿಯ ಬದಿಯಲ್ಲಿ ಹಸಿರು ಕಂಡಿತ್ತು, ಅದಕ್ಕೆ ಬಾಯಿ ಹಾಕಿಕೊಂಡು ಹೋದಳು.

ಕೆಲವು ದಿನ ಕಳೆದು ಅಕ್ಕ ಎರಡು ಜಡೆ ಹಾಕಿಕೊಂಡು, ಹೊಸ ಚೀಲ ಹಿಡಿದು ಹುಣಸೂರಿನ ಬಸ್ಸು ಹತ್ತಿದಳು. ಬಸ್ಸಿನ ಕಿಟಕಿಯಿಂದ ನನ್ನ ಕಡೆ ಕೈ ಬೀಸಿದಳು. ನಾನು ಕೈ ಎತ್ತಲಿಲ್ಲ. ಅಕ್ಕನಿಗೆ ಶಾಲೆ ಬೇಕಿತ್ತು. ಅದು ತಪ್ಪಲ್ಲ. ಅವಳು ಓದಿದಳು, ಮುಂದೆ ತಾನೇ ಶಾಲೆಯಲ್ಲಿ ಪಾಠ ಹೇಳಿದಳು, ನನ್ನ ಮಕ್ಕಳಿಗೂ ಲೆಕ್ಕ ಕಲಿಸಿದಳು. ಇದೆಲ್ಲ ಗೊತ್ತಿದ್ದೂ ಹೇಳುತ್ತೇನೆ, ಅವಳು ನನಗೆ ಮೊದಲೇ ಹೇಳಬಹುದಿತ್ತು. ಹೇಳಿದ್ದರೆ ನಾನು ಹಟ ಮಾಡುತ್ತಿದ್ದೆ, ಅವಳ ಶಾಲೆ ತಪ್ಪುತ್ತಿತ್ತೇನೋ. ಅದೂ ನಿಜ. ಆದರೂ ಹೇಳಬಹುದಿತ್ತು.

ಮುಂದಿನ ವರ್ಷ ಚಿಗರಿಯ ಮರಿ ನಮ್ಮ ಪಾಲಿಗೆ ಬಂತು. ಒಳಗಿವಿ ಗುಲಾಬಿಯೇ. ಅವ್ವ ಹೆಸರಿಡು ಎಂದಳು. ನಾನು ಇಡಲಿಲ್ಲ. ಅದು ಆಡು ಎಂದೇ ಬೆಳೆಯಿತು. ಬ್ಯಾರನ್ ತುಂಬುವ ದಿನ ಅಪ್ಪ, “ಚಿಕ್ಕೋನು ಮೊದ್ಲು ಕಟ್ಟು ಹಾಕು” ಎಂದ. ನಾನು ಸುಮ್ಮನೆ ಎಲೆ ಕಟ್ಟಿದೆ. ಆ ಮೇಲೆ ನಮ್ಮ ಚಪ್ಪರದಡಿ ಆ ಆಟ ನಡೆಯಲಿಲ್ಲ.

ಈ ಕಥೆಯನ್ನು ನಾನು ಯಾರಿಗೂ ಹೇಳಿರಲಿಲ್ಲ. ಈ ಸಲ ರಜೆಗೆ ಮಗ ಹೆಂಡತಿ ಮಕ್ಕಳನ್ನು ಕರೆದುಕೊಂಡು ಮೈಸೂರಿನಿಂದ ಬಂದಾಗ ಹೇಳಬೇಕಾಯಿತು. ಮೊಮ್ಮಗಳು, ಮೊಮ್ಮಗ ಇಬ್ಬರೂ ಜಗಲಿಯ ಮೇಲೆ ಕೂತು ಟ್ಯಾಬ್‌ನಲ್ಲಿ ಆಡುತ್ತಿದ್ದರು. ಅವರ ಆಟದಲ್ಲೂ ಕಟ್ಟುಗಳಿವೆ. ಆದರೆ ಮುರಿಯುವುದಕ್ಕೆ ಆಗುವುದೇ ಇಲ್ಲ. ಹೋಗಬಾರದ ಕಡೆ ಬೆರಳು ಒತ್ತಿದರೆ ಪರದೆ ಒಮ್ಮೆ ನಡುಗಿ, ಕಾಯಿ ತನ್ನ ಜಾಗಕ್ಕೆ ವಾಪಸ್ಸು ಬರುತ್ತದೆ. ಜಗಳವಿಲ್ಲ, ವಾದವಿಲ್ಲ. ನಮ್ಮ ಆಟದಲ್ಲಿ ತಡೆಯಲು ಅಂಥ ಯಂತ್ರವಿರಲಿಲ್ಲ. ಇದ್ದದ್ದು ಅಪ್ಪ. ಆಡುವವನೂ ಅವನೇ, ತೀರ್ಪು ಕೊಡುವವನೂ ಅವನೇ, ಆಡಿನ ಯಜಮಾನನೂ ಅವನೇ.

ಕಥೆ ಕೇಳಿ ಮೊಮ್ಮಗಳು ಸಿಟ್ಟಾದಳು. ಕಟ್ಟನ್ನು ರಿಪೇರಿ ಮಾಡಲು ಕೂತಳು. “ಮಾರಬಾರದು, ಕಡಿಯಬಾರದು, ಪಾಲಿಗೆ ಕೊಡಬಾರದು.”

“ಸುಮ್ನೆ ಗಿಫ್ಟ್ ಕೊಟ್ರೆ?” ಎಂದ ಅವಳ ತಮ್ಮ.

“ನನ್ನನ್ನು ಕೇಳದೆ ಏನೂ ಮಾಡಬಾರದು” ಎಂದು ನಾನೇ ಹೇಳಿದೆ. ಎಷ್ಟೋ ವರ್ಷ ಮನಸ್ಸಿನಲ್ಲಿ ತಿದ್ದಿ ತೀಡಿದ ವಾಕ್ಯ ಅದು.

“ಕೇಳ್ತಾರೆ ತಾತ. ನೀನು ಬೇಡ ಅಂತೀಯ. ಆಮೇಲೆ ಕೊಡ್ತಾರೆ. ಕೇಳಿದಾರಲ್ಲ?” ಎಂದ ಹುಡುಗ.

ಬಿಳಿಕೆರೆಯಲ್ಲಿರುವ ಅಕ್ಕನಿಗೆ ಅವರೇ ವಿಡಿಯೋ ಕಾಲ್ ಮಾಡಿದರು. ಅಕ್ಕ ಕನ್ನಡಕ ಏರಿಸಿಕೊಂಡು ಪೂರ್ತಿ ಕೇಳಿದಳು. “ನಾನೆಲ್ಲಿ ಹೇಳ್ಕೊಟ್ಟೆ ಕಣೋ? ಮಾರ್ಬಾರ್ದು ಅಂತ ನೀನೇ ಅಂದೆ. ನಾನು ನಿನ್ನ ಪಕ್ಕದಲ್ಲೇ ಇರ್ಲಿಲ್ಲ, ಕೈ ತೊಳೆಯಕ್ಕೆ ಹೋಗಿದ್ದೆ” ಎಂದಳು. ಅವ್ವ ಊಟಕ್ಕೆ ಕರೆದಾಗ ಅವಳು ಎದ್ದದ್ದು ಕೈ ತೊಳೆಯುವುದಕ್ಕೇ ಇರಬಹುದು. ಆದರೆ ನನ್ನ ಕಿವಿಗೆ ತಾಗಿದ ಅವಳ ಉಸಿರು ನನಗೆ ಈಗಲೂ ಬೆಚ್ಚಗೆ ಗೊತ್ತು. ಯಾರದು ಸರಿ ಎಂದು ಹೇಳಲು ದೊಡ್ಡವ್ವ ಇಲ್ಲ, ಅಪ್ಪ ಇಲ್ಲ.

ಮಕ್ಕಳಿಗೆ ಆಟವೇ ಹಿಡಿಸಿಬಿಟ್ಟಿತು. ಮರುದಿನ ಬೆಳಿಗ್ಗೆ ಜಗಲಿಯಲ್ಲಿ ತಮ್ಮ ಅಪ್ಪ ಅಮ್ಮನನ್ನೂ ಕೂರಿಸಿಕೊಂಡು ಕಟ್ಟು ಆಟ ಶುರುಮಾಡಿದರು. ಹೊರಗಟ್ಟು ಬೇರೆ. ನಾನು ದೂರದಲ್ಲಿ ಕೂತು ನೋಡುತ್ತಿದ್ದೆ. ಸ್ವಲ್ಪ ಹೊತ್ತಿಗೆ ಮೊಮ್ಮಗಳು ಓಡಿಬಂದು ನನ್ನ ಕಿವಿಗೆ ಬಾಯಿಟ್ಟಳು.

“ತಾತ, ನಾನೂ ಅಪ್ಪನೂ ಇಬ್ರೇ ಉಳಿದಿದೀವಿ. ಗೆದ್ರೆ, ನನ್ನ ಕಬಡ್ಡಿ ಟೀಮಿಂದ ಬಿಡಿಸಬಾರದು ಅಂತ ಕಟ್ಟು ಹಾಕ್ತೀನಿ. ಸಂದಿ ಇಲ್ದೆ ಇರೋ ಹಾಗೆ ಹೇಗೆ ಹೇಳೋದು, ಹೇಳ್ಕೊಡು.”

ಹಿಂದಿನ ದಿನ ತೋಟದಲ್ಲಿ ಮಗ ನನಗೆ ಹೇಳಿದ್ದ. ಮುಂದಿನ ವರ್ಷದಿಂದ ಅವಳಿಗೆ ಕಬಡ್ಡಿ ಬೇಡ, ಟ್ಯೂಷನ್‌ಗೆ ಹಾಕುತ್ತೇವೆ, ಕೋಚ್‌ಗೆ ಹೇಳಿಯಾಗಿದೆ, ಅವಳಿಗೆ ಈಗಲೇ ಹೇಳಬೇಡಿ ಅಪ್ಪ ಎಂದಿದ್ದ. ನಾನು ಹೂಂ ಎಂದಿದ್ದೆ.

ಮೊಮ್ಮಗಳ ಉಸಿರು ಕಿವಿಗೆ ಬೆಚ್ಚಗಿತ್ತು. ಎಂಥ ವಾಕ್ಯ ಬೇಕಾದರೂ ನಾನು ಅವಳ ಬಾಯಿಗೆ ಇಡಬಹುದಿತ್ತು. ಅವಳು ನಂಬುತ್ತಿದ್ದಳು, ಗೆಲ್ಲುತ್ತಿದ್ದಳು, ತಬ್ಬಿಕೊಳ್ಳುತ್ತಿದ್ದಳು.

“ಅದು ಆಗ್ಲೇ ತೀರ್ಮಾನ ಆಗೋಗಿದೆ ಕಣವ್ವ” ಎಂದೆ. “ಕೋಚ್‌ಗೂ ಹೇಳವ್ರೆ. ಗೆದ್ರೂ ಅಷ್ಟೇಯ.”

ಅವಳು ನನ್ನನ್ನೇ ನೋಡುತ್ತ ನಿಂತಳು. ಅತ್ತುಬಿಡುತ್ತಾಳೆ ಎಂದುಕೊಂಡೆ. ಅಳಲಿಲ್ಲ. ಜಗಲಿಗೆ ಹೋಗಿ, ಆಟದ ಮಧ್ಯದಲ್ಲಿ, ಕೂರದೆ ನಿಂತೇ ಹೇಳಿದಳು.

“ಅಪ್ಪ, ಆಟ ಸಾಕು. ಮೊದ್ಲು ಕಬಡ್ಡಿ ವಿಷಯ ನನ್ನ ಮುಂದೆ ಹೇಳಿ.”

ನಾನು ಅಂದು ಒಲೆಯ ಮುಂದೆ ಹೇಳಲಾಗದ ಮಾತು ಅದು. ಮಗ ಅವಳ ಕಡೆ ನೋಡಲಿಲ್ಲ. ಮೆಲ್ಲಗೆ ಕತ್ತು ತಿರುಗಿಸಿ ನನ್ನ ಕಡೆ ನೋಡಿದ.

ಒಲೆಯ ಮುಂದೆ ನಾನು ಅಕ್ಕನನ್ನು ನೋಡಿದ ನೋಟ ಅದು, ನನಗೆ ಚೆನ್ನಾಗಿ ಗೊತ್ತಿತ್ತು.